ದನಿ ಒಡೆದರೂ ಹಾಡಿದವರು: ಮಾರ್ಷಲ್ ದ್ವೀಪದ ಹೆಂಗಸರ ಕಥೆ

2014ರ ಸೆಪ್ಟೆಂಬರ್. ನ್ಯೂಯಾರ್ಕ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಶೃಂಗಸಭೆಯಲ್ಲಿ ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳ ಕ್ಯಾಥಿ ಜೆಟ್ನಿಲ್-ಕಿಜಿನರ್ ತಮ್ಮ ಪುಟ್ಟ ಮಗಳಿಗೆ ಬರೆದ ಕವಿತೆ ಓದಿದರು. ಅಂದಿನಿಂದ ಅವರು ಎಲ್ಲರ ಬಾಯಲ್ಲೂ 'ಹವಾಮಾನದ ಕವಯಿತ್ರಿ'. ಹಾಗಂತ ಕರೆದು ಸುಮ್ನಾದರೆ ಅರ್ಧ ಕಥೆ ಬಿಟ್ಟಂತೆ. ಯಾಕೆಂದರೆ ಆ ದ್ವೀಪದ ಹೆಂಗಸರು ಕಡಲು ಏರುವ ಮಾತು ಬರುವ ಎಷ್ಟೋ ಮುಂಚೆ ತಮ್ಮ ಮೈಗೆ ಆದದ್ದನ್ನು ಹಾಡಾಗಿಸಿದ್ದರು.

1946ರಲ್ಲಿ ಅಮೆರಿಕದ ನೌಕಾಪಡೆ ಮಾರ್ಷಲ್ ದ್ವೀಪಗಳಲ್ಲೊಂದಾದ ಬಿಕಿನಿಯ ಜನರನ್ನು ಊರು ಬಿಡಿಸಿತು. ಕೊಟ್ಟ ಕಾರಣ ಮನುಕುಲದ ಒಳಿತು! ಅಲ್ಲಿಂದ 1958ರ ತನಕ 67 ಅಣು ಪರೀಕ್ಷೆಗಳು ನಡೆದವು. 1954ರ ಮಾರ್ಚ್ 1ರ ಬ್ರಾವೊ ಬಾಂಬ್ ಅದರಲ್ಲೆಲ್ಲ ದೊಡ್ಡದು. 15 ಮೆಗಾಟನ್, ಅಂದರೆ ಹಿರೋಶಿಮಾದ ಬಾಂಬಿಗಿಂತ ಸುಮಾರು ಸಾವಿರ ಪಟ್ಟು. ರೋಂಗೆಲಾಪ್ ದ್ವೀಪದ ಮೇಲೆ ಬಿಳಿ ಬೂದಿ ಉದುರಿತು, ಮಕ್ಕಳು ಅದರಲ್ಲಿ ಆಡಿದರು, ಆಮೇಲೆ ಚರ್ಮ ಸುಟ್ಟಿತು, ವಾಂತಿ ಶುರುವಾಯಿತು. ಜನರನ್ನು ಕರೆದೊಯ್ಯಲು ಹಡಗು ಬಂದದ್ದು ಎರಡು ದಿನ ಬಿಟ್ಟು. 1957ರಲ್ಲಿ 'ಈಗ ಏನೂ ತೊಂದರೆ ಇಲ್ಲ' ಅಂತ ವಾಪಸ್ ಕಳಿಸಿದರು. ಏನೂ ತೊಂದರೆ ಇರಲಿಲ್ಲವಂತೆ! ಮುಂದಿನ ವರ್ಷಗಳಲ್ಲಿ ಗರ್ಭಪಾತಗಳಾದವು, ಮೂಳೆಯೇ ಇಲ್ಲದಂಥ ಕೂಸುಗಳು ಹುಟ್ಟಿದವು, ಕತ್ತಿನಲ್ಲಿ ಥೈರಾಯ್ಡ್ ಗಂಟುಗಳು ಎದ್ದವು.

ಆ ಗಂಟು ತೆಗೆಯುವ ಆಪರೇಷನ್ ಎಷ್ಟೋ ಹೆಂಗಸರ ದನಿಯನ್ನೂ ಕೆಡಿಸಿತು. ರೋಂಗೆಲಾಪ್‌ನವರು ಇದನ್ನೇ ಹಾಡು ಕಟ್ಟಿ ಗುಂಪಾಗಿ ಹಾಡುತ್ತಾರೆ. ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯುತ್ತದೆ. ಅದನ್ನು ಮುಚ್ಚಿಡುವುದಿಲ್ಲ, ಯಾಕೆ ಹೀಗಾಯಿತು ಅಂತ ಕೇಳುವವರಿಗೆ ಹೇಳುತ್ತಾರೆ. ಆಸ್ಪತ್ರೆಯ ಕಾಗದಕ್ಕಿಂತ ಇದು ಗಟ್ಟಿ ಸಾಕ್ಷಿ ಅಲ್ವಾ?

1983ರಲ್ಲಿ ಮಾರ್ಷಲ್ ದ್ವೀಪಗಳವರೇ ಆದ ಡಾರ್ಲೀನ್ ಕೆಜು ಎಂಬಾಕೆ ವ್ಯಾಂಕೂವರ್‌ನಲ್ಲಿ ಸೇರಿದ್ದ ಚರ್ಚುಗಳ ವಿಶ್ವ ಮಂಡಳಿಯ ಮುಂದೆ ಆ ಮೂಳೆಯಿಲ್ಲದ ಕೂಸುಗಳ ಕಥೆ ಹೇಳಿದರು. ಆಮೇಲೆ ಊರಿಗೆ ಮರಳಿ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಹಾಡು, ಕುಣಿತ, ನಾಟಕದಲ್ಲೇ ಆರೋಗ್ಯದ ಪಾಠ ಮಾಡಿದರು. 1996ರಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು.

ಇನ್ನು ಕಡಲಿನ ವಿಷಯ. ಮಾರ್ಷಲ್ ದ್ವೀಪಗಳದ್ದು ಸಮುದ್ರದಿಂದ ಸರಾಸರಿ ಎರಡು ಮೀಟರ್ ಎತ್ತರದ ನೆಲ. ಅದರಲ್ಲಿ ರೂನಿಟ್ ಎಂಬ ಪುಟ್ಟ ದ್ವೀಪ. 1970ರ ದಶಕದ ಕೊನೆಗೆ ಅಮೆರಿಕದವರು ವಿಕಿರಣ ತಗುಲಿದ ಮಣ್ಣನ್ನು ಹಳೇ ಬಾಂಬ್ ಗುಂಡಿಗೆ ಸುರಿದು, ಮೇಲೆ ಅರ್ಧ ಮೀಟರಿಗೂ ಕಡಿಮೆ ದಪ್ಪದ ಕಾಂಕ್ರೀಟ್ ಮುಚ್ಚಳ ಹಾಕಿದರು. ತಳಕ್ಕೆ ಏನೂ ಹಾಕಲಿಲ್ಲ. ಉಬ್ಬರ ಇಳಿತಕ್ಕೆ ನೀರು ಅಡಿಯಿಂದ ಒಳಗೆ ಹೊರಗೆ ಆಡುತ್ತದೆ. ಕಡಲೇರಿದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

2018ರಲ್ಲಿ ಜೆಟ್ನಿಲ್-ಕಿಜಿನರ್ ಗ್ರೀನ್‌ಲ್ಯಾಂಡ್‌ನ ಹಿಮದ ಮೇಲೆ ಅಲ್ಲಿನ ಕವಯಿತ್ರಿ ಅಕಾ ನಿವಿಯಾನಾ ಜೊತೆ ಕವಿತೆ ಓದಿದರು. ಹಿಮ ಕರಗುವುದು ಅಲ್ಲಿ, ನೀರು ಏರುವುದು ಇಲ್ಲಿ. ಆಕೆಗೆ ಕೊಡಲು ಒಯ್ದಿದ್ದು ಬಿಕಿನಿ ಮತ್ತು ರೂನಿಟ್‌ನ ಚಿಪ್ಪುಗಳನ್ನು. ಅಂದಹಾಗೆ ಗ್ರೀನ್‌ಲ್ಯಾಂಡ್‌ಗೂ ಅಣುಬಾಂಬಿನ ನಂಟಿದೆ: 1968ರಲ್ಲಿ ನಾಲ್ಕು ಹೈಡ್ರೋಜನ್ ಬಾಂಬ್ ಹೊತ್ತ ಅಮೆರಿಕದ ವಿಮಾನ ಅಲ್ಲಿನ ಥೂಲೆ ವಾಯುನೆಲೆಯ ಬಳಿ ಮಂಜುಗಡ್ಡೆಯ ಮೇಲೆ ಬಿದ್ದು, ಸುತ್ತೆಲ್ಲ ಪ್ಲುಟೋನಿಯಂ ಚೆಲ್ಲಿತ್ತು.