ಬೇರಿನ ಆಳವೋ, ನೀರಿನ ಲೆಕ್ಕವೋ: ಎರೆ ನೆಲದ ಕಡಲೆ ಮತ್ತು ತೊಗರಿಯ ಹಿನ್ನೆಲೆ

ಕಲಬುರಗಿ ಜಿಲ್ಲೆಯ ಎರೆ ಹೊಲದಲ್ಲಿ ಹಿಂಗಾರಿ ಕಡಲೆ ಬಿತ್ತುವ ರೈತ ಮುಂದೆ ಬರುವ ಮಳೆಯನ್ನು ನೆಚ್ಚುವುದಿಲ್ಲ. ಮುಂಗಾರು ನೆಲದೊಳಗೆ ಬಿಟ್ಟುಹೋದ ಹಸಿಯನ್ನು ನೆಚ್ಚುತ್ತಾನೆ. ಅಕ್ಟೋಬರಿನಲ್ಲಿ ಬಿತ್ತಿದ ಬೆಳೆ ಕಾಳು ಕಟ್ಟುವ ಹೊತ್ತಿಗೆ ಮೇಲ್ಮಣ್ಣು ಒಣಗಿ ಬಾಯಿ ಬಿಟ್ಟಿರುತ್ತದೆ, ಉಳಿದ ನೀರೆಲ್ಲ ಕೆಳಪದರದಲ್ಲಿರುತ್ತದೆ. ಹಾಗಾದರೆ ಆಳಕ್ಕೆ ಬೇರು ಬಿಡುವ ಗಿಡವೇ ಬರ ತಾಳುವ ಗಿಡವಲ್ಲವೇ? ಈ ಸರಳ ಊಹೆಯ ಬೆನ್ನು ಹತ್ತಿದ ಸಂಶೋಧನೆ ಕೆಲವು ದಶಕಗಳ ಬಳಿಕ ತನ್ನ ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕಾಯಿತು.

ಬೀದರಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿರುವ ಪಟಾನ್‌ಚೆರುವಿನಲ್ಲಿ 1972ರಲ್ಲಿ ಒಣಬೇಸಾಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸ್ಥಾಪನೆಯಾದ ಮೇಲೆ ಕಡಲೆ, ತೊಗರಿಗಳ ಅಧ್ಯಯನಕ್ಕೆ ಗಟ್ಟಿ ನೆಲೆ ಸಿಕ್ಕಿತು. ಬೇರಿನ ಅಧ್ಯಯನ ಮಾತ್ರ ಮೈಮುರಿಯುವ ಕೆಲಸ: ಮಣ್ಣು ಅಗೆದು, ತೊಳೆದು, ಎಳೆಎಳೆಯಾಗಿ ಬಿಡಿಸಿ, ಒಣಗಿಸಿ ತೂಗಬೇಕು. ಎಲೆಯನ್ನೂ ಕಾಯಿಯನ್ನೂ ಎಣಿಸಿದಷ್ಟು ಸುಲಭವಾಗಿ ಬೇರನ್ನು ಎಣಿಸಲಾಗದ ಕಾರಣ ತಳಿ ಅಭಿವೃದ್ಧಿಯಲ್ಲಿ ಅದು ಬಹುಕಾಲ ಹಿಂದೆ ಉಳಿಯಿತು. ಹೀಗಿದ್ದರೂ ಸಾವಿರಕ್ಕೂ ಹೆಚ್ಚು ಕಡಲೆ ಮಾದರಿಗಳನ್ನು ಜಾಲಾಡಿದಾಗ ಐಸಿಸಿ 4958 ಎಂಬ ತಳಿ ಕಣ್ಣಿಗೆ ಬಿತ್ತು. ಇದರ ಬೇರುಗಳು ಬೇಗ ಹರಡುತ್ತಿದ್ದವು, ದಟ್ಟವಾಗಿದ್ದವು, ಆಳಕ್ಕೂ ಇಳಿಯುತ್ತಿದ್ದವು. ಇದನ್ನು ಐಸಿಸಿ 1882 ಎಂಬ ಇನ್ನೊಂದು ತಳಿಯೊಂದಿಗೆ ಸಂಕರಗೊಳಿಸಿ ಪಡೆದ ಸಂತತಿಯ ಅಧ್ಯಯನದಿಂದ, ಬರ ತಾಳಿಕೆಗೆ ಸಂಬಂಧಿಸಿದ ಹಲವು ಗುಣಗಳು ವಂಶವಾಹಿ ನಕಾಶೆಯ ನಾಲ್ಕನೆಯ ಗುಂಪಿನ ಒಂದೇ ಭಾಗದಲ್ಲಿ ಒತ್ತೊತ್ತಾಗಿರುವುದು ತಿಳಿಯಿತು. ಕಡಲೆಯ ಜೀನೋಮ್, ಅಂದರೆ ಅದರ ಇಡೀ ವಂಶವಾಹಿ ಲಿಪಿ, 2013ರಲ್ಲಿ ಪ್ರಕಟವಾಯಿತು. ನಾಲ್ಕನೆಯ ಗುಂಪಿನ ಆ ಭಾಗವನ್ನು ನಮ್ಮ ರೈತರಿಗೆ ಚಿರಪರಿಚಿತವಾದ ಜೆಜಿ 11 ತಳಿಗೂ ಸೇರಿಸಿ ನೋಡಲಾಯಿತು. ಇದೇ ದಾರಿಯಲ್ಲಿ ರೂಪುಗೊಂಡ ಪೂಸಾ ಚಿಕ್‌ಪೀ 10216 ತಳಿ 2019ರಲ್ಲಿ ಮಧ್ಯ ಭಾರತಕ್ಕೆಂದು ಬಿಡುಗಡೆಯಾಯಿತು.

ಕಥೆ ಇಷ್ಟಕ್ಕೇ ಮುಗಿದಿದ್ದರೆ ಚೊಕ್ಕವಾಗಿರುತ್ತಿತ್ತು. ಆದರೆ ಪಟಾನ್‌ಚೆರುವಿನಲ್ಲೇ ಮಣ್ಣು ತುಂಬಿದ ಉದ್ದನೆಯ ಕೊಳವೆಗಳಲ್ಲಿ ಗಿಡ ಬೆಳೆಸಿ, ಅವುಗಳನ್ನು ಮತ್ತೆ ಮತ್ತೆ ತೂಗಿ, ಯಾವ ಗಿಡ ಯಾವಾಗ ಎಷ್ಟು ನೀರು ಕುಡಿಯಿತು ಎಂದು ಅಳೆದವರಿಗೆ ಬೇರೆಯೇ ಚಿತ್ರ ಕಂಡಿತು. 2011ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಬರ ತಾಳಿದ ಗಿಡಗಳಿಗೆ ಬೇರು ಹೆಚ್ಚು ಆಳವಾಗಿಯೋ ದಟ್ಟವಾಗಿಯೋ ಇರಲೇಬೇಕೆಂದಿರಲಿಲ್ಲ. ಅವು ಎಳೆಯ ಹಂತದಲ್ಲಿ ನೀರನ್ನು ಹಿಡಿತದಿಂದ ಖರ್ಚು ಮಾಡಿ ಹೂ ಬಿಡುವ, ಕಾಳು ತುಂಬುವ ಕಾಲಕ್ಕೆ ಉಳಿಸಿಕೊಂಡಿದ್ದವು. ಗಾಡಿಯಲ್ಲಿ ಎಷ್ಟು ಮೇವಿದೆ ಎಂಬುದಕ್ಕಿಂತ ಅದನ್ನು ಬೇಸಿಗೆಯವರೆಗೆ ಹೇಗೆ ಹಾಕಲಾಯಿತು ಎಂಬುದು ಮುಖ್ಯವಾದ ಹಾಗೆ. ನನಗೆ ಈ ಇಡೀ ಚರಿತ್ರೆಯಲ್ಲಿ ಮಹತ್ವದ ತಿರುವು ಜೀನೋಮ್ ಅಲ್ಲ, ಈ ತೂಕದ ಕೆಲಸವೇ ಎನಿಸುತ್ತದೆ.

ತೊಗರಿಯ ಬೇರಿನ ಲೆಕ್ಕ ಇನ್ನೂ ತೊಡಕಿನದು. ಅದರ ತಾಯಿಬೇರು ಆಳಕ್ಕಿಳಿಯುವುದಷ್ಟೇ ಅಲ್ಲ, ಪಿಸಿಡಿಕ್ ಆಮ್ಲವನ್ನು ಒಸರಿ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡ ರಂಜಕವನ್ನೂ ಬಿಡಿಸಿಕೊಳ್ಳುತ್ತದೆ ಎಂದು ಇಕ್ರಿಸ್ಯಾಟ್‌ನಲ್ಲಿದ್ದ ಜಪಾನಿ ವಿಜ್ಞಾನಿಗಳು 1990ರಲ್ಲಿ ತೋರಿಸಿದರು. ಆದರೆ ಈ ಭಾಗದ ತೊಗರಿಗೆ ಕಂಟಕವಾದ ನೆಟೆ ರೋಗದ ಶಿಲೀಂಧ್ರ ಒಳನುಗ್ಗುವುದೂ ಬೇರಿನಿಂದಲೇ. ನೀರು ಸಾಗುವ ನಾಳಗಳನ್ನು ಅದು ಕಟ್ಟಿಹಾಕಿದ ಮೇಲೆ ನೆಲದಲ್ಲಿ ಹಸಿಯಿದ್ದರೂ ಗಿಡ ಬಾಡುತ್ತದೆ. ಹೀಗಾಗಿ ಇಲ್ಲಿನ ತಳಿ ಸಂಶೋಧನೆ ಬರಕ್ಕಿಂತ ಮೊದಲು ನೆಟೆಯತ್ತ ತಿರುಗಿದ್ದು ಸಹಜ. ನೆಟೆ ತಡೆಯುವ ತೊಗರಿ ತಳಿಗಳಾದ ಎಂಬತ್ತರ ದಶಕದ ಮಾರುತಿ, ಆನಂತರದ ಟಿಎಸ್-3ಆರ್ ಇದಕ್ಕೆ ಸಾಕ್ಷಿ. ಕಡಲೆಯಲ್ಲಿಯೂ ರಾಯಚೂರು ಕೃಷಿ ವಿಶ್ವವಿದ್ಯಾಲಯ ಇಕ್ರಿಸ್ಯಾಟ್ ಜೊತೆಗೂಡಿ ರೂಪಿಸಿದ ಸೂಪರ್ ಅಣ್ಣಿಗೇರಿ-1 ತಳಿಗೆ ಸೇರಿಸಿದ್ದು ಸೊರಗು ರೋಗ ತಡೆಯುವ ಗುಣವನ್ನೇ.

ಇದೆಲ್ಲದರ ಕೆಳಗೆ ಮಣ್ಣಿನ ಆಳದ ಪ್ರಶ್ನೆಯಿದೆ. ಆಳವಾದ ಎರೆಯಲ್ಲಿ ಬೇರು ಇಳಿದಷ್ಟೂ ನೀರು ಸಿಗಬಹುದು. ಆದರೆ ಸೇಡಂ, ಚಿತ್ತಾಪುರ ಕಡೆ ಶಹಾಬಾದ ಕಲ್ಲಿನ ಹಾಸು ಮೇಲಕ್ಕೇ ಇರುವ ಹೊಲಗಳಲ್ಲಿ ಎಂಥ ಉದ್ದಬೇರಿನ ತಳಿಯೂ ಕಲ್ಲಿಗೆ ತಾಗಿ ನಿಲ್ಲಬೇಕು; ಅಲ್ಲಿ ಇರುವ ಹಸಿಯನ್ನು ಹಿಡಿದು ಬಳಸುವ, ಬೇಗ ಕಟಾವಿಗೆ ಬರುವ ಗಿಡವೇ ಕಾಳು ಕೊಡುತ್ತದೆ.