ಪ್ರಮಾಣಪತ್ರಗಳ ಕಡತ ಮತ್ತು ಪೆರೋಲ್ ಮಂಡಳಿ

ಷರತ್ತುಬದ್ಧ ಅವಧಿಪೂರ್ವ ಬಿಡುಗಡೆಗೆ, ಅಂದರೆ ಪೆರೋಲ್‌ಗೆ, ಅರ್ಜಿ ಹಾಕಿದ ಕೈದಿಗಳ ಬಗ್ಗೆ ಮನೋವೈಜ್ಞಾನಿಕ ವರದಿ ಬರೆಯುವುದು ನನ್ನ ಕೆಲಸ. ಎದುರು ಕುಳಿತವರಲ್ಲಿ ಹೆಚ್ಚಿನವರು ಮೊದಲು ಬಿಚ್ಚುವುದು ಪ್ರಮಾಣಪತ್ರಗಳ ಕಡತವನ್ನು. ಕಂಪ್ಯೂಟರ್, ಹೊಲಿಗೆ, ಮರಗೆಲಸ, ಕೋಪ ನಿಯಂತ್ರಣ, ಎಲ್ಲವೂ ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿರುತ್ತವೆ. ಇಷ್ಟೆಲ್ಲ ಕಲಿತ ಮೇಲೂ ಬಿಡುವುದಿಲ್ಲವೆಂದರೆ ಹೇಗೆ ಎಂದು ಮನೆಯವರು ಕೇಳುತ್ತಾರೆ. ಬೇಸರದ ಸಂಗತಿಯೆಂದರೆ, ವಕೀಲರೂ ಅದನ್ನೇ ಕೇಳುತ್ತಾರೆ.

ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು: ಬಿಡುಗಡೆಯನ್ನು ತೀರ್ಮಾನಿಸುವ ಪೆರೋಲ್ ಮಂಡಳಿಗೆ ಬೇಕಾದದ್ದು ಅಪರಾಧಕ್ಕೂ ತರಬೇತಿಗೂ ಇರುವ ಸಂಬಂಧ. ಕುಡಿದ ಅಮಲಿನಲ್ಲಿ ಚಾಕು ಹಾಕಿದವನು ಮರಗೆಲಸದಲ್ಲಿ ನಿಪುಣನಾದರೆ ಸಂತೋಷ, ಹೊರಗೆ ದುಡಿದು ತಿನ್ನಲು ಅದು ನೆರವಾಗುತ್ತದೆ. ಆದರೆ ಕುಡಿತದ ವಿಷಯದಲ್ಲಿ ಅವನು ಏನು ಮಾಡಿದ್ದಾನೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮನೋವಿಜ್ಞಾನಿಗಳಾದ ಆಂಡ್ರ್ಯೂಸ್, ಬೊಂಟಾ ಮತ್ತು ಹೋಜ್ ಅಪರಾಧಿಗಳ ಸುಧಾರಣೆಯ ಬಗ್ಗೆ 1990ರಲ್ಲಿ ಮಂಡಿಸಿದ ತತ್ತ್ವಗಳ ತಿರುಳೂ ಇದೇ. ಮತ್ತೆ ಅಪರಾಧ ಎಸಗುವ ಅಪಾಯ ಹೆಚ್ಚಿರುವವರಿಗೆ ಹೆಚ್ಚು ತೀವ್ರವಾದ ಕಾರ್ಯಕ್ರಮ ಬೇಕು, ಅದು ಅಪರಾಧಕ್ಕೆ ದೂಡಿದ ಕಾರಣವನ್ನೇ ಮುಟ್ಟಬೇಕು, ಕಲಿಸುವ ಕ್ರಮ ಆ ವ್ಯಕ್ತಿಗೆ ಹೊಂದಬೇಕು. ಅಪಾಯ ಕಡಿಮೆಯಿರುವವರನ್ನು ಅಂಥ ತೀವ್ರ ಕಾರ್ಯಕ್ರಮಕ್ಕೆ ಸುಮ್ಮನೆ ಸೇರಿಸಿದರೆ ಕೆಡುಕೂ ಆಗಬಹುದು.

ಹಾಗೆಂದು ತರಬೇತಿಯೆಲ್ಲ ವ್ಯರ್ಥವೆಂದು ನಾನು ಹೇಳಲಾರೆ. 1974ರಲ್ಲಿ ಅಂಥ ನಿರಾಶೆಯನ್ನು ಹಬ್ಬಿಸಿದ ಸಂಶೋಧಕ ರಾಬರ್ಟ್ ಮಾರ್ಟಿನ್ಸನ್ 1979ರಲ್ಲಿ ತಾವೇ ಅದರಿಂದ ಹಿಂದೆ ಸರಿದರು. ಅಮೆರಿಕದ ರ‍್ಯಾಂಡ್ ಸಂಸ್ಥೆಯ 2013ರ ವಿಶ್ಲೇಷಣೆಯ ಪ್ರಕಾರ ಸೆರೆಮನೆಯಲ್ಲಿ ಶಿಕ್ಷಣ ಪಡೆದವರಲ್ಲಿ ಮರು ಅಪರಾಧದ ಪ್ರಮಾಣ 13 ಶೇಕಡಾಂಶದಷ್ಟು ಕಡಿಮೆ. ಬದಲಾಗುವ ಮನಸ್ಸಿದ್ದವರೇ ತರಗತಿಗೆ ಮುಂದಾಗಿ ಬರುವುದರಿಂದ ಇಂಥ ಅಂಕಿಗಳನ್ನು ತುಸು ಎಚ್ಚರದಿಂದಲೇ ಓದಬೇಕು. ಇದಕ್ಕೆ ವ್ಯತಿರಿಕ್ತವಾಗಿ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಸೆರೆಮನೆಗಳಲ್ಲಿ ಲೈಂಗಿಕ ಅಪರಾಧಿಗಳಿಗಾಗಿ ವರ್ಷಗಟ್ಟಲೆ ನಡೆದ ಮುಖ್ಯ ಕಾರ್ಯಕ್ರಮವೊಂದನ್ನು 2017ರಲ್ಲಿ ಪ್ರಕಟವಾದ ಅಧ್ಯಯನ ತೂಗಿ ನೋಡಿದಾಗ, ಅದರಲ್ಲಿ ಭಾಗವಹಿಸಿದವರಲ್ಲಿ ಶೇ 10ರಷ್ಟು ಮಂದಿ, ಭಾಗವಹಿಸದವರಲ್ಲಿ ಶೇ 8ರಷ್ಟು ಮಂದಿ ಮತ್ತೆ ಲೈಂಗಿಕ ಅಪರಾಧ ಎಸಗಿದ್ದರು. ಕಾರ್ಯಕ್ರಮವನ್ನು ಕೈಬಿಡಲಾಯಿತು.

ಕೋಪ ನಿಯಂತ್ರಣದ ತರಗತಿ ಮುಗಿಸಿದ್ದ ಒಬ್ಬರನ್ನು ಏನು ಕಲಿತಿರಿ ಎಂದು ಕೇಳಿದಾಗ, ಹಂಚಿದ್ದ ಕೈಪಿಡಿಯ ಐದೂ ಅಂಶಗಳನ್ನು ತಡವರಿಸದೆ ಒಪ್ಪಿಸಿದರು. ಜೈಲಿನಲ್ಲಿ ಕೊನೆಯ ಸಲ ಸಿಟ್ಟು ಬಂದದ್ದು ಯಾವಾಗ ಎಂದರೆ ಉತ್ತರವಿಲ್ಲ. ಅಕ್ಷರ ಬಾರದ ಇನ್ನೊಬ್ಬರು, ಊಟದ ಸಾಲಿನಲ್ಲಿ ತಳ್ಳಾಟವಾದಾಗ ತಟ್ಟೆ ಕೆಳಗಿಟ್ಟು ಗೋಡೆಯ ಕಡೆ ನಡೆದದ್ದನ್ನು, ಆಗ ಕೈ ನಡುಗುತ್ತಿದ್ದುದನ್ನು ನಾಚುತ್ತ ಹೇಳಿದರು. ನನ್ನ ವರದಿಗೆ ಬೇಕಾದದ್ದು ಈ ಎರಡನೆಯ ಬಗೆಯ ವಿವರ, ಅದೂ ವಾರ್ಡನ್‌ಗಳ ದಾಖಲೆಯೊಂದಿಗೆ ತಾಳೆಯಾದರೆ.

ಸೂಕ್ತ ಕಾರ್ಯಕ್ರಮವೇ ಇಲ್ಲದ ಜೈಲಿನಲ್ಲಿರುವ ಕೈದಿಯನ್ನು ಅದನ್ನು ಮುಗಿಸಿಲ್ಲವೆಂದು ತಿರಸ್ಕರಿಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಅಂಥವರು ಸೇರ್ಪಡೆ ಕೋರಿ ಕೊಟ್ಟ ಪ್ರತಿಯೊಂದು ಅರ್ಜಿಯ ನಕಲನ್ನೂ, ಬಂದ ಉತ್ತರವನ್ನೂ ದಿನಾಂಕ ಸಹಿತ ಇಟ್ಟುಕೊಂಡಿರಲಿ; ವಕೀಲರು ಕಡತದಲ್ಲಿ ಹೊಲಿಗೆಯ ಪ್ರಮಾಣಪತ್ರಕ್ಕಿಂತ ಮೇಲೆ ಇಡಬೇಕಾದದ್ದು ಅವನ್ನು.