ಕೀಟೋನ್ ಪುಡಿ ಡಬ್ಬಿ ಹಿಂದ ಏನ್ ಬರದಾರ ನೋಡ್ರಿ

ಹೋದ ತಿಂಗಳ ನವಲಗುಂದ ಕಡೆಯಿಂದ ಒಬ್ಬ ಅಜ್ಜಾರು ಬಂದಿದ್ರು. ಹಾರ್ಟ್ ಫೇಲ್ಯೂರ್, ಇಎಫ್ (ಒಂದ್ ಬಡಿತಕ್ಕ ಹೃದಯ ಹೊರಗ ತಳ್ಳೋ ರಕ್ತದ ಪಾಲು) ನೂರಕ್ಕ 30, ಗುಳಿಗಿ ಒಂದ್ ಹೊತ್ತೂ ತಪ್ಪಸಂಗಿಲ್ಲ. ಈ ಸಲ ಹತ್ತು ದಿನದಾಗ 3 ಕೆಜಿ ಏರಿದ್ರು, ಕಾಲು ಬಾತಿದ್ವು, ರಾತ್ರಿ ಮಲಗಿದ್ರ ದಮ್ಮು. "ಉಪ್ಪಿನಕಾಯಿ ಮುಟ್ಟಿಲ್ರಿ ಡಾಕ್ಟ್ರ, ಹಪ್ಪಳ ಬಿಟ್ಟೀನಿ, ಪಲ್ಲೆಕ್ಕೂ ಉಪ್ಪು ಅರ್ಧ" ಅಂದ್ರು. ಖರೇನ ಇತ್ತು. ಆಮ್ಯಾಲ ಸೊಸಿ ಚೀಲದಾಗಿಂದ ಡಬ್ಬಿ ತಗದ್ಲು, ಬೆಂಗಳೂರಾಗಿರೋ ಮೊಮ್ಮಗ ಆನ್‌ಲೈನ್ ತರಿಸಿದ ಕೀಟೋನ್ ಪುಡಿ, ದಿನಾ ಎರಡು ಸ್ಕೂಪ್.

ಕೀಟೋನ್ ಅಂದ್ರ ಕೊಬ್ಬಿನಿಂದ ಮೈಯಾಗ ತಯಾರಾಗೋ ಒಂದು ಇಂಧನ. ಅದು ಸೋತ ಹೃದಯಕ್ಕ ಛಲೋ ಅಂತ ಆ ಹುಡುಗ ಓದಿದ್ದು ಸುಳ್ಳಲ್ಲ. ಸೋತ ಹೃದಯಕ್ಕ ಕೊಬ್ಬು ಸುಡೋದು ಕಷ್ಟ ಆಗ್ತದ, ಆಗ ಅದು ಕೀಟೋನ್ ಕಡೆ ಹೆಚ್ಚು ವಾಲ್ತದ. 2019ರಾಗ ಡೆನ್ಮಾರ್ಕ್‌ನ ವೈದ್ಯರು 16 ಮಂದಿ ಪೇಷಂಟ್‌ಗೆ ಕೀಟೋನನ್ನ ನರದಾಗ ಡ್ರಿಪ್ ಕೊಟ್ಟು ನೋಡಿದ್ರು, ಹೃದಯ ಪಂಪ್ ಮಾಡೋ ರಕ್ತ ನಿಮಿಷಕ್ಕ ಸುಮಾರು 2 ಲೀಟರ್ ಏರಿತು. ಒಳ್ಳೇ ಸುದ್ದಿ, ನನಗೂ ಆಸೆ ಅದ. ಆದ್ರ ಅದು ಆಸ್ಪತ್ರಿಯೊಳಗ, ಕೆಲವು ತಾಸಿನ ಮಾತು, ಅದರಿಂದ ಆಯುಷ್ಯ ಹೆಚ್ಚಾಗ್ತದ ಅಂತ ಇನ್ನೂ ಯಾರೂ ತೋರ್ಸಿಲ್ಲ.

ಮತ್ತ ಮತ್ತ ಹೇಳ್ತೀನಿ, ಡಬ್ಬಿಯಾಗ ಬರೋದು ಬಹುತೇಕ ಕೀಟೋನ್ ಸಾಲ್ಟ್. ಸಾಲ್ಟ್ ಅಂದ್ರ ಬರೀ ಹೆಸರಲ್ರಿ, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಅನ್ನೋ ಕೀಟೋನ್ ಜೋಡಿ ಸೋಡಿಯಂ, ಕ್ಯಾಲ್ಸಿಯಂ, ಕೆಲವದ್ರಾಗ ಪೊಟ್ಯಾಶಿಯಂ ಕಟ್ಟಿರ್ತಾರ. ಕೆಲವು ಬ್ರ್ಯಾಂಡ್‌ನಾಗ ಒಂದು ಸ್ಕೂಪಿಗೆ 1 ಗ್ರಾಂ ಹತ್ರ ಸೋಡಿಯಂ, ಅಂದ್ರ ಎರಡೂವರಿ ಗ್ರಾಂ ಅಡಗಿ ಉಪ್ಪು, ಎರಡು ಸ್ಕೂಪಿಗೆ ಹತ್ರ ಹತ್ರ ಒಂದು ಚಹಾ ಚಮಚ. ಹಣ್ಣಿನ ಫ್ಲೇವರ್ ಹಾಕಿದ್ರಿಂದ ನಾಲಿಗಿಗೆ ಅಷ್ಟು ಉಪ್ಪು ಅನಸಂಗಿಲ್ಲ, ಕಿಡ್ನಿಗೆ ಮಾತ್ರ ಗೊತ್ತಾಗ್ತದ, ನೀರು ಹಿಡದಿಡ್ತದ. ಉಪ್ಪಿನಕಾಯಿ ಬಿಟ್ಟು ಇದನ್ನ ಕುಡದ್ರ ಬಿಟ್ಟಿದ್ದೆಲ್ಲಾ ವ್ಯರ್ಥ. ಪೊಟ್ಯಾಶಿಯಂ ಇದ್ದಿದ್ದು ಸ್ಪೈರೋನೊಲ್ಯಾಕ್ಟೋನ್ (ಪೊಟ್ಯಾಶಿಯಂ ಮೈಯಾಗ ಉಳಿಸೋ ಹಾರ್ಟಿನ ಗುಳಿಗಿ) ತಗೊಳ್ಳೋರಿಗೆ ಬ್ಯಾರೆನ ಅಪಾಯ, ಹೃದಯದ ಬಡಿತಾನ ತಪ್ಪಬಹುದು.

ಕೀಟೋನ್ ಎಸ್ಟರ್ ಅಂತ ಇನ್ನೊಂದು ನಮೂನಿ ಬರ್ತದ, ಅದರಾಗ ಸೋಡಿಯಂ ತೊಂದ್ರಿ ಇಲ್ಲ, ಆದ್ರ ಅದನ್ನೂ ಕೇಳದ ಕುಡೀಬ್ಯಾಡ್ರಿ. ಶುಗರಿಗೂ ಹಾರ್ಟಿಗೂ ಕೊಡೋ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಳಿಗಿ ತಗೊಳ್ಳೋರ ಮೈಯಾಗ ಮೊದಲೇ ಕೀಟೋನ್ ಸ್ವಲ್ಪ ಏರಿರ್ತದ, ಶುಗರ್ ಇದ್ದವರಿಗೆ ಕೀಟೋನ್ ಬಾಳ ಏರಿ ರಕ್ತ ಆಮ್ಲ ಆದ್ರೂ ಶುಗರ್ ರಿಪೋರ್ಟ್ ಛಲೋನ ಕಾಣಬಹುದು. ವಾಂತಿ, ಹೊಟ್ಟಿನೋವು, ಜೋರಾಗಿ ಉಸರಾಟ ಬಂದ್ರ ದಾರಿ ಕಾಯಬ್ಯಾಡ್ರಿ.

ಅಜ್ಜಾರಿಗೆ ಪುಡಿ ಬಿಡಿಸಿ ನೀರು ಇಳಿಸೋ ಗುಳಿಗಿ ಏರಿಸಿದ್ವಿ, ವಾರದಾಗ ಚಪ್ಪಲಿ ಮತ್ತ ಕಾಲಿಗೆ ಹಿಡೀತು. ಮೊಮ್ಮಗನಿಗೆ ಫೋನ್ ಹಚ್ಚಿದ್ರ ಹುಡುಗ ಅತ್ತಬಿಟ್ಟ. ಮುಂದ ಏನ್ ತರಿಸಿದ್ರೂ ಮೊದಲ ಡಬ್ಬಿ ಹಿಂದಿನ ಫೋಟೋ ನನಗ ಕಳಸ್ತೀನಿ ಅಂದಾನ.